ಅಂಬಿಕಾ ಏನೂ ಕೇಳುವುದಿಲ್ಲ

ಡಿಸೆಂಬರ್ 2, ಮಂಗಳವಾರ. ಬಸ್ಸಿನಲ್ಲಿ, ಬೆಳಿಗ್ಗೆ 8.40

ಕಿಟಕಿ ಪಕ್ಕದ ಸೀಟು ಸಿಕ್ಕಿತು. ಕಮಲಾಪುರಕ್ಕೆ ಇನ್ನೂ ಮುಕ್ಕಾಲು ಗಂಟೆ.

ಇವತ್ತೂ ಅಂಬಿಕಾ ನಾನು ಏಳುವ ಮೊದಲೇ ಎದ್ದಿದ್ದಳು. ಹೊದಿಕೆ ಮಡಚಿ, ಅದರ ಮೇಲೆ ದಿಂಬು ಇಟ್ಟು, ಗೋಡೆಗೆ ಒರಗಿ ನಿಂತಿದ್ದಳು. ಐದೂವರೆ ವರ್ಷದ ಮಗು. ಕೂಡವ್ವ ಅಂದೆ. ಕೂತಳು. ಹೇಳುವ ತನಕ ಕೂರುವುದಿಲ್ಲ.

ಹಾಲಿಗೆ ಸಕ್ಕರೆ ಹಾಕುವುದು ಮರೆತಿದ್ದೆ. ಈಗ, ಬಸ್ ಹತ್ತಿದ ಮೇಲೆ ನೆನಪಾಗುತ್ತಿದೆ. ಪೂರ್ತಿ ಕುಡಿದು ಲೋಟ ತೊಳೆದಿಟ್ಟಳು. ಒಂದು ಮಾತಿಲ್ಲ.

ಅನಾಥಾಶ್ರಮದಿಂದ ಮನೆಗೆ ಬಂದು ಇವತ್ತಿಗೆ ನಲವತ್ತಾರು ದಿನ. 'ಬೇಕು' ಅನ್ನುವುದು ಒಂದು ಸಲವೂ ಅವಳ ಬಾಯಿಂದ ಬಂದಿಲ್ಲ. 'ಒಲ್ಲೆ' ಅನ್ನುವುದೂ ಬಂದಿಲ್ಲ. ಕೊಟ್ಟದ್ದಕ್ಕೆಲ್ಲ "ಹೂಂರಿ ಆಂಟಿ". ನಾನು ಆಂಟಿ. ಇವರು ಅಂಕಲ್. ಅರವತ್ತೆಂಟು ವರ್ಷದ ನಮ್ಮ ಅತ್ತಿ ರಮಾಬಾಯಿ — ಅವರೂ ಆಂಟಿ.

ಡಿಸಿ ಆಫೀಸಿನ ಆರ್ಡರ್ ಇನ್ನೂ ಆಗಿಲ್ಲ. ಆಗುವ ತನಕ ದತ್ತು ಅನ್ನುವಂತಿಲ್ಲವಂತೆ. ದತ್ತಿನ ಕೆಲಸ ನೋಡುವ ಶೇವಂತಾ ಮೇಡಂ ಬಂದು ನೋಡಿ, ಮಗು ಹೊಂದಿಕೊಂಡಿದೆಯೋ ಇಲ್ಲವೋ ಅಂತ ರಿಪೋರ್ಟ್ ಬರೆಯಬೇಕು. ಹತ್ತೊಂಬತ್ತಕ್ಕೆ ಬರುತ್ತಾರೆ. ಹೊಂದಿಕೊಂಡಿದೆ ಅಂತಲೇ ಬರೆದಾರು. ಇಷ್ಟು ಹೊಂದಿಕೊಂಡ ಮಗುವನ್ನು ನಾನೆಲ್ಲೂ ನೋಡಿಲ್ಲ. ನನಗೆ ಹೆದರಿಕೆ ಅದರದೇ.

ಡಿಸೆಂಬರ್ 7, ಭಾನುವಾರ

ನಿನ್ನೆ ಬಾಬಾಸಾಹೇಬರ ಪರಿನಿರ್ವಾಣ ದಿನ. ಸಂಜೆ ಎಲ್ಲರೂ ಬಿಳಿ ಬಟ್ಟೆ ಹಾಕಿಕೊಂಡು ಜಗತ್ ಸರ್ಕಲ್‌ಗೆ ಹೋದೆವು. ಅಂಬಿಕಾಗೂ ಬಿಳಿ ಫ್ರಾಕ್. ಪ್ರತಿಮೆಯ ಸುತ್ತ ಮೇಣದ ಬತ್ತಿಗಳ ಸಾಲು, ಜನ, ಫೋಟೊ ತೆಗೆಯುವವರು. ಅವಳ ಕೈಗೂ ಒಂದು ಮೇಣದ ಬತ್ತಿ ಕೊಟ್ಟೆ. ಜ್ವಾಲೆ ನೋಡುತ್ತಾ ನಿಂತವಳು ತಲೆ ಎತ್ತಿ,

"ಆಂಟಿ, ಇವತ್ತೇ ಕ್ರಿಸ್ಮಸ್ ಏನ್ರಿ?" ಅಂದಳು.

ಅವಳಾಗಿ ಕೇಳಿದ ಮೊದಲ ಪ್ರಶ್ನೆ. ನನ್ನ ಬತ್ತಿಯ ಮೇಣ ಕೈಮೇಲೆ ಬಿತ್ತು.

"ಅಲ್ಲವ್ವ. ಇವತ್ತು ಬಾಬಾಸಾಹೇಬರ ದಿನ. ಕ್ರಿಸ್ಮಸ್ ಇಪ್ಪತ್ತೈದಕ್ಕ."

"ಅಂದ್ರ ಎಷ್ಟು ದಿನರಿ?"

"ಹತ್ತೊಂಬತ್ತು."

ತನ್ನ ಹತ್ತು ಬೆರಳು ಎಣಿಸಿದಳು. ಸಾಲಲಿಲ್ಲ. ನನ್ನ ಕೈ ಕಡೆ ನೋಡಿದಳು, ಮುಟ್ಟಲಿಲ್ಲ. ನಾನೇ ಚಾಚಿದೆ. ಒಂಬತ್ತರವರೆಗೆ ಎಣಿಸಿ ನನ್ನ ಕಿರುಬೆರಳೊಂದನ್ನು ಮಡಚಿಟ್ಟಳು.

ದಾರಿಯುದ್ದಕ್ಕೂ ಇವರಿಗೆ ಖುಷಿಯೋ ಖುಷಿ. "ಕಡೀಕೂ ಒಂದು ಕೇಳ್ತು ನೋಡು ಪೋರಿ. ಆಶ್ರಮದಾಗ ಕ್ರಿಸ್ಮಸ್ಸಿಗಿ ಏನರೆ ಕೊಡ್ತಿದ್ದರು ಕಾಣ್ತದ. ಅದಕ್ಕ ಏನೋ ಬೇಕಾಗ್ಯದ."

ಅತ್ತಿ ಮೊದಲು "ನಮಗ್ಯಾವ ಕ್ರಿಸ್ಮಸ್?" ಅಂದರು. ಆಮೇಲೆ ಅವರೇ, "ಬಾಯಿ ಬಿಟ್ಟು ಕೇಳ್ಯದಂದ್ರ ಮಾಡೋಣು ತಗೋ. ಎದುರಿನ ಸುನಂದಾ ಸಿಸ್ಟರ್‌ಗಿ ಕೇಳಿದ್ರ ಏನ್ ಮಾಡ್ಬೇಕಂತ ಹೇಳ್ತಾಳ" ಅಂದರು. ಸುನಂದಾ ಆಸ್ಪತ್ರೆಯಲ್ಲಿ ನರ್ಸ್, ಚರ್ಚಿನವರು. ಅವರ ಮನೆ ಮುಂದೆ ಆಗಲೇ ಬಿಳಿ ಕಾಗದದ ನಕ್ಷತ್ರ ತೂಗುತ್ತಿದೆ.

ಏನು ಬೇಕಾಗಿದೆ? ಹದಿನೆಂಟು ದಿನ ಇದೆ ಕಂಡುಹಿಡಿಯಲು.

ಡಿಸೆಂಬರ್ 10, ಬುಧವಾರ. ಆಫೀಸು, ಊಟದ ಬಿಡುವು

ನೇರವಾಗಿ ಕೇಳಿದೆ. "ಕ್ರಿಸ್ಮಸ್ಸಿಗಿ ನಿನಗೇನ್ ಬೇಕವ್ವ?"

"ಏನ್ ಕೊಟ್ರೂ ತಗೋತೀನ್ರಿ." ಪಾಠ ಒಪ್ಪಿಸಿದ ಹಾಗೆ. ಒಳ್ಳೆಯ ಮಕ್ಕಳು ಹೀಗೆ ಹೇಳಬೇಕು ಅಂತ ಯಾರೋ ಕಲಿಸಿರಬೇಕು.

ಇವರದು ಯೂನಿವರ್ಸಿಟಿ ಗೇಟಿನ ಎದುರು ಝೆರಾಕ್ಸ್ ಅಂಗಡಿ. ನಿನ್ನೆ ಒಂದು ಹಾಳೆಯಲ್ಲಿ ಹನ್ನೆರಡು ಆಟಿಕೆಗಳ ಕಲರ್ ಪ್ರಿಂಟ್ ತೆಗೆದು, ಲ್ಯಾಮಿನೇಷನ್ ಮಾಡಿ ತಂದರು. ಗೊಂಬೆ, ಟ್ರ್ಯಾಕ್ಟರ್, ಅಡುಗೆ ಸಾಮಾನು, ಸೈಕಲ್… ಅವಳ ಮುಂದಿಟ್ಟು "ಯಾವುದು ಛಲೋ ಅದ, ಬೆರಳಿಡು" ಅಂದರು. ನಾನು ಅಡುಗೆಮನೆಯಿಂದ ಇಣುಕುತ್ತಿದ್ದೆ. ಟ್ರ್ಯಾಕ್ಟರ್ ಮೇಲೆ ಬೆರಳಿಟ್ಟಳು. ಇವರು "ಖರೇನ?" ಅಂದರು. ಬೆರಳು ಸೈಕಲ್‌ಗೆ ಹೋಯಿತು. ಆಮೇಲೆ ಗೊಂಬೆಗೆ.

ಇವರು ಒಳಗೆ ಬಂದು ರೊಟ್ಟಿ ಬಡಿಯುತ್ತಿದ್ದ ನನ್ನ ಪಕ್ಕ ನಿಂತರು.

"ಶೀಲಾ, ಅದು ಚಿತ್ರ ನೋಡ್ಲಾಕತ್ತಿಲ್ಲ. ನನ್ನ ಮಾರಿ ನೋಡ್ಲಾಕತ್ತದ. ನನ್ನ ಕಣ್ಣು ಎಲ್ಲಿ ಹೋಗ್ತದ, ಅಲ್ಲಿ ಬೆರಳಿಡ್ತದ."

ರೊಟ್ಟಿ ಹೊತ್ತಿತು.

ಕೌಂಟರಿನಲ್ಲಿ ಇವತ್ತು ಎರಡು ಸಲ ತಪ್ಪು ಸೀಲ್ ಹೊಡೆದೆ. ಪೋಸ್ಟ್‌ಮಾಸ್ಟರ್ ಸೂಗಪ್ಪನವರು ಕನ್ನಡಕದ ಮೇಲಿಂದ ನೋಡಿದರು.

ಡಿಸೆಂಬರ್ 14, ಭಾನುವಾರ. ಸಂಜೆ

ಸೂಪರ್ ಮಾರ್ಕೆಟ್ ಪೇಟೆಗೆ ಕರೆದುಕೊಂಡು ಹೋಗಿದ್ದೆ, ನಾವಿಬ್ಬರೇ. ಮಗು ತಾನಾಗಿ ಯಾವುದರ ಮುಂದೆ ನಿಲ್ಲುತ್ತದೋ ನೋಡೋಣ ಅಂತ. ಎಲ್ಲಿಯೂ ನಿಲ್ಲಲಿಲ್ಲ. ಆಟೊಗಳ ಗದ್ದಲದಲ್ಲಿ ನನ್ನ ಸೆರಗಿನಿಂದ ಒಂದು ಗೇಣು ದೂರ — ಹಿಡಿಯುವುದಿಲ್ಲ, ಬಿಡುವುದೂ ಇಲ್ಲ, ಅಷ್ಟೇ ಅಂತರದಲ್ಲಿ ನಡೆದಳು.

ಆಟಿಕೆ ಅಂಗಡಿಯೊಳಗೆ ಹೋದ ಕೂಡಲೇ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. ಅಂಗಡಿಯ ತಾರಿಖ್ ಭಾಯಿ ಒಳ್ಳೆಯ ಮನುಷ್ಯ. "ಮುಟ್ಟು ಬೇಟಾ, ಏನೂ ಆಗಂಗಿಲ್ಲ" ಅಂತ ದೊಡ್ಡದೊಂದು ಗೊಂಬೆ ಇಳಿಸಿ ಅವಳ ತೋಳಿಗೆ ಇಟ್ಟರು.

ಎರಡು ಕೈಯಲ್ಲಿ ಗೊಂಬೆ ಎದೆಗೆ ಹಿಡಿದುಕೊಂಡಳು. ನನ್ನ ಕಡೆ ತಿರುಗಿದಳು. ಗದ್ದ ಎತ್ತಿ, ಹಲ್ಲು ಕಾಣುವ ಹಾಗೆ ನಕ್ಕಳು. ಅಂಥ ನಗು ನಾನು ಇದುವರೆಗೂ ನೋಡಿರಲಿಲ್ಲ. ಇದೇ, ಇದೇ ಬೇಕು ಇವಳಿಗೆ ಅಂದುಕೊಂಡೆ. ನಕ್ಕ ಮುಖ ಹಾಗೇ ಇಟ್ಟುಕೊಂಡು ನಿಂತಳು. ಅಲುಗಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಗೊಂಬೆಯನ್ನು ತಾರಿಖ್ ಭಾಯಿ ಕೈಗೆ ವಾಪಸ್ ಕೊಟ್ಟು ಕೇಳಿದಳು —

"ಫೋಟೊ ಆಯ್ತೇನ್ರಿ?"

ಅವರು ನನ್ನ ಮುಖ ನೋಡಿದರು.

ಏನೂ ಕೊಳ್ಳದೆ ಬಂದೆವು. ನಾಳಿದ್ದು ಆಶ್ರಮಕ್ಕೆ ಫೋನ್ ಮಾಡಬೇಕು. ಆಯಾ ಬಂಡೆಮ್ಮ ಇದ್ದಾರಲ್ಲ, ಅವಳನ್ನು ಮೂರು ವರ್ಷ ನೋಡಿಕೊಂಡವರು. ಅವರಿಗೆ ಗೊತ್ತಿರಬೇಕು.

ಡಿಸೆಂಬರ್ 16, ಮಂಗಳವಾರ. ಆಫೀಸು, ಮಧ್ಯಾಹ್ನ 2.10

ಊಟ ಮಾಡಿಲ್ಲ. ಬರೆದು ಮುಗಿಸುತ್ತೇನೆ.

ಬಂಡೆಮ್ಮ ಸಿಕ್ಕರು. ಅಂಬಿ ಹೇಗಿದ್ದಾಳೆ, ಉಣ್ಣುತ್ತಾಳಾ ಅಂತ ಅವರೇ ಮೊದಲು ಕೇಳಿದರು. ಗೊಂಬೆಯ ವಿಷಯ ಹೇಳಿದೆ.

"ಹೌದ್ರಿ ಬಾಯಿ. ಕ್ರಿಸ್ಮಸ್ಸಿಗಿ ದೊಡ್ಡ ಮಂದಿ ಬರ್ತಾರ, ಎಲ್ಲಾ ಹುಡುಗ್ರಿಗಿ ಒಂದೊಂದು ಕೊಡ್ತಾರ, ಫೋಟೊ ಹಿಡೀತಾರ. ಆಮ್ಯಾಲ ನಾವು ತಗೊಂಡು ಕಪಾಟಿನಾಗ ಇಡ್ತೀವ್ರಿ. ಕೈಯಾಗ ಬಿಟ್ರ ಮುರೀತಾವ, ಬಡದಾಡ್ತಾವ."

"ಹಂಗಾದ್ರ ಆಕಿ ಕ್ರಿಸ್ಮಸ್ ಯಾವಾಗಂತ ಯಾಕ ಎಣಸ್ಲಾಕತ್ತಾಳ?"

ಆ ಕಡೆ ಬಂಡೆಮ್ಮ ಬಾಗಿಲು ಮುಚ್ಚಿದ ಸದ್ದು ಕೇಳಿತು.

"ಅದು ನನ್ನ ತಪ್ಪದರಿ" ಅಂದರು.

ಹೋದ ವರ್ಷ ಕಪಿಲ ಅಂತ ಒಬ್ಬ ಹುಡುಗ ಇದ್ದ. ಅವನೂ ಅಂಬಿಕಾನೂ ಒಂದೇ ಚಾಪೆಯ ಮೇಲೆ ಮಲಗುವವರು. ಕ್ರಿಸ್ಮಸ್ ದಿನ ಅವನ ಹೊಸ ತಂದೆತಾಯಿ ಬಿಳಿ ಕಾರಿನಲ್ಲಿ ಬಂದರು. ಅವನಿಗೆ ಹಾರ ಹಾಕಿದರು, ಕೇಕ್ ಕತ್ತರಿಸಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಅವನು ಕಾರಿನಲ್ಲಿ ಹೋದ. ಅಂಬಿಕಾ ಗೇಟು ಹಿಡಿದುಕೊಂಡು ಬಿಡಲಿಲ್ಲವಂತೆ. ನಮ್ಮ ಮಮ್ಮಿ ಪಪ್ಪಾ ಯಾವಾಗ ಬರುತ್ತಾರೆ ಅಂತ ಒಂದೇ ಸಮನೆ ಅತ್ತಳಂತೆ.

"ಮುಂದಿನ ಕ್ರಿಸ್ಮಸ್ಸಿಗಿ ನಿಂದೂ ಬರ್ತಾರ, ಶಾಣ್ಯಾ ಆಗಿರು, ಹಟ ಮಾಡಬ್ಯಾಡ, ಏನೂ ಕೇಳಬ್ಯಾಡ, ಬಂದು ಒಯ್ತಾರ ಅಂದೆ. ಅಳೂದು ನಿಂದರಲಿ ಅಂತ ಅಂದದ್ದರಿ. ಅವತ್ತಿನಿಂದ ಮತ್ತ ಅತ್ತಿಲ್ಲ ಅದು."

ಫೋನ್ ಇಟ್ಟ ಮೇಲೆ ಕೌಂಟರಿನ ಈ ಕಡೆ ಕೂತಿದ್ದೇನೆ. ಎದುರಿಗೆ ಟಪಾಲು ಚೀಲಗಳು.

ಅಕ್ಟೋಬರ್ ಹದಿನೇಳಕ್ಕೆ ಇಲ್ಲಿಗೇ ಬಂದಳು ಅವಳು. ಸೋಮವಾರ ನಾವಿಬ್ಬರೂ ಹೋಗಿ ಕರೆತರುವುದು ಅಂತ ಇತ್ತು. ಆಶ್ರಮದಲ್ಲಿ ಮಕ್ಕಳಿಗೆ ಜ್ವರ ಹಬ್ಬಿದೆ, ಇವಳಿಗೆ ಇನ್ನೂ ಬಂದಿಲ್ಲ, ಜೀಪ್ ಹೇಗೂ ಕಲಬುರಗಿಗೆ ಹೊರಟಿದೆ ಅಂತ ಶೇವಂತಾ ಮೇಡಂ ಶುಕ್ರವಾರವೇ ಫೋನ್ ಮಾಡಿದರು. ದಾರಿಯಲ್ಲಿ ಕಮಲಾಪುರ. ಪೋಸ್ಟ್ ಆಫೀಸಿನ ಮುಂದೆ ಜೀಪ್ ನಿಂತಿತು. ಈ ಕೌಂಟರಿನ ಮೇಲೇ ಕಾಗದ ಇಟ್ಟು ಸಹಿ ಮಾಡಿದೆ. ಮೇಡಂಗೆ ಮೀಟಿಂಗಿತ್ತು, ಹೋದರು. ನನಗೆ ಪೆನ್ಶನ್ನಿನವರ ಸಾಲು. ಐದು ಗಂಟೆಯ ತನಕ ಅಂಬಿಕಾ ಆ ಚೀಲದ ಮೇಲೆ ಕೂತಿದ್ದಳು. ಆಮೇಲೆ ಬಸ್ಸು.

ಹಾರವಿಲ್ಲ, ಕೇಕಿಲ್ಲ, ಕಾರಿಲ್ಲ. ಕ್ರಿಸ್ಮಸ್ಸೂ ಅಲ್ಲ. ರಿಜಿಸ್ಟರ್ ಪಾರ್ಸಲ್ ಹಾಗೆ ಸಹಿ ಹಾಕಿ ತೆಗೆದುಕೊಂಡೆ.

ಇದು ತನ್ನ ಮನೆ ಅಂತ ಅವಳಿಗೆ ಗೊತ್ತೇ ಇಲ್ಲ. ಇದೂ ಒಂದು ಆಶ್ರಮ ಅಂದುಕೊಂಡಿದ್ದಾಳೆ. ಶಾಣ್ಯಾ ಆಗಿ ಕಾಯುತ್ತಿದ್ದಾಳೆ. ಅವಳಿಗೆ ಬೇಕಾಗಿರುವುದು ತಂದೆತಾಯಿ.

ಹಾಗಾದರೆ ಎರಡು ತಿಂಗಳಿಂದ ನಾವು ಯಾರು?

ಡಿಸೆಂಬರ್ 17, ಬುಧವಾರ. ಬಸ್ಸಿನಲ್ಲಿ

ಇವರಿಗೆ ಹೇಳಿದೆ. ಚಪ್ಪಲಿ ಹಾಕಿಕೊಳ್ಳುತ್ತಿದ್ದವರು ಒಂದೇ ಚಪ್ಪಲಿಯಲ್ಲಿ ನಿಂತುಬಿಟ್ಟರು. "ಹೇಳಿಬಿಡೋಣಲ್ಲ ಮತ್ತ. ನಾವೇ ನಿಮ್ಮವ್ವ ಅಪ್ಪ ಅಂತ."

ಹೇಳಬಹುದು. ಆದರೆ — ಒಂದು ವರ್ಷದಿಂದ ತಾನು ಕಾಯುತ್ತಿರುವುದು ನಮ್ಮನ್ನೇ ಅಂತ ಗೊತ್ತಾದಾಗ ಆ ಮುಖದ ಮೇಲೆ ಏನು ಬರುತ್ತದೆ? ಬಿಳಿ ಕಾರಿನವರ ಬದಲು ಝೆರಾಕ್ಸ್ ಅಂಗಡಿಯವರು, ಪೋಸ್ಟ್ ಆಫೀಸಿನವಳು. ಅವಳು ಬೇಜಾರನ್ನೂ ತೋರಿಸುವುದಿಲ್ಲ. "ಹೂಂರಿ ಆಂಟಿ" ಅನ್ನುತ್ತಾಳೆ. ಅದನ್ನು ಕೇಳುವ ಧೈರ್ಯ ನನಗಿಲ್ಲ.

ಇವರಿಗೆ ಅಂದೆ, ಮೇಡಂ ಬಂದು ಹೋಗಲಿ. ಎರಡು ದಿನ.

ಡಿಸೆಂಬರ್ 19, ಶುಕ್ರವಾರ. ಮಧ್ಯಾಹ್ನ (ರಜೆ ಹಾಕಿದ್ದೇನೆ)

ಶೇವಂತಾ ಮೇಡಂ ಹನ್ನೊಂದಕ್ಕೆ ಬಂದರು. ಮನೆಯೆಲ್ಲ ನೋಡಿದರು. ಮಲಗುವ ಜಾಗ, ಬಟ್ಟೆ, ಅಂಗನವಾಡಿಯ ಕಾರ್ಡ್. ಅಂಬಿಕಾಳನ್ನು ಪಕ್ಕಕ್ಕೆ ಕೂಡಿಸಿಕೊಂಡರು.

"ಇಲ್ಲಿ ಛಲೋ ಅದ ಏನವ್ವ?"

"ಛಲೋ ಅದರಿ ಆಂಟಿ."

"ಹೊಟ್ಟಿ ತುಂಬ ಉಣ್ತೀ?"

"ಹೂಂರಿ ಆಂಟಿ."

ನನ್ನನ್ನು ಕರೆಯುವ ಹಾಗೇ ಅವರನ್ನೂ ಕರೆದಳು. ಮೇಡಂ ಬರೆದುಕೊಂಡರು. "ಭಾಳ ಛಲೋ ಹೊಂದಿಕೊಂಡದ" ಅಂದರು, ಪೆನ್ನು ಮುಚ್ಚಿದರು, ಚಹಾ ಕುಡಿದರು. ಮುಗಿದಿತ್ತು. ಸುಮ್ಮನೆ ಇದ್ದಿದ್ದರೆ ಮುಗಿದೇ ಹೋಗುತ್ತಿತ್ತು.

ಗೇಟಿನ ತನಕ ಹೋದೆ. ಬಾಯಿ ತಡೆಯಲಿಲ್ಲ. ಎಲ್ಲ ಹೇಳಿಬಿಟ್ಟೆ.

ಮೇಡಂ ಸ್ಕೂಟರಿನ ಮೇಲಿಂದ ಇಳಿದರು. "ನೀವ್ಯಾರಂತ ಹುಡುಗಿಗಿ ಯಾರೂ ಹೇಳಿಲ್ಲೇನ್ರಿ?"

"ನೀವು ಹೇಳಿರ್ತೀರಂತ ನಾವು…"

"ನೀವು ಹೇಳಿರ್ತೀರಂತ ನಾವು."

ಆಮೇಲೆ ಅವರು ಬ್ಯಾಗಿನಿಂದ ರಿಪೋರ್ಟ್ ತೆಗೆದು ನೋಡಿ ಮತ್ತೆ ಒಳಗಿಟ್ಟರು. "ಇದು ನಾ ಈಗ ಕೊಡಾಂಗಿಲ್ರಿ. ಜನವರಿ ಎರಡಕ್ಕ ಮತ್ತೊಮ್ಮೆ ಬರ್ತೀನಿ. ನೀವು ಹೇಳ್ರಿ ಆಕಿಗಿ. ಮೆಲ್ಲಗ ಹೇಳ್ರಿ."

ಇವರಿಗೆ ಸಿಟ್ಟು ಬಂತು. ಮದುವೆಯಾಗಿ ಹದಿಮೂರು ವರ್ಷದಲ್ಲಿ ಹೀಗೆ ಮಾತಾಡಿದ್ದಿಲ್ಲ. "ಸುಮ್ಮ ಕೂಡ್ಲಾಕ ಬರಲಿಲ್ಲೇನು ನಿನಗ? ನಾಳೆ ಇಲ್ಲಂತ ಬರದ್ರಂದ್ರ? ಒಯ್ದ್ರಂದ್ರ?"

ಒಳಗೆ ಅಂಬಿಕಾ ಮೇಡಂ ಕುಡಿದ ಕಪ್ಪು ತೊಳೆಯುತ್ತಿದ್ದಳು.

ಡಿಸೆಂಬರ್ 21, ಭಾನುವಾರ

ಜೋಳದ ಡಬ್ಬಿಯ ಹಿಂದೆ ಕೈಚೀಲವೊಂದು ಸಿಕ್ಕಿತು. ಬಟ್ಟೆ ಅಂಗಡಿಯವರು ಕೊಡುವಂಥದು. ಒಳಗೆ — ಆಶ್ರಮದಿಂದ ಬರುವಾಗ ಹಾಕಿದ್ದ ನೀಲಿ ಫ್ರಾಕ್. ಬಾಚಣಿಗೆ. ಕಾಗದದಲ್ಲಿ ಸುತ್ತಿದ ಸೋಪಿನ ಚೂರು. ಅಂಗನವಾಡಿಯಲ್ಲಿ ಕೊಟ್ಟ ನಾಲ್ಕು ಗ್ಲುಕೋಸ್ ಬಿಸ್ಕೀಟು. ನಾವು ಕೊಡಿಸಿದ್ದು ಒಂದೂ ಇಲ್ಲ. ತನ್ನದಲ್ಲದ್ದನ್ನು ಮುಟ್ಟಿಲ್ಲ.

ಹೇಗಿತ್ತೋ ಹಾಗೇ ಇಟ್ಟೆ. ಅತ್ತಿಗೆ ತೋರಿಸಿದೆ. ಅವರು ಡಬ್ಬಿಗೆ ಒರಗಿ ಕೂತರು. "ಎಷ್ಟು ಶಿಸ್ತಿಲೆ ತುಂಬ್ಯದ ನೋಡವ್ವ" ಅಂತಷ್ಟೇ ಅಂದರು.

ಎರಡು ಸಲ ಹೇಳಲು ಕರೆದೆ. ಬಂದು ಎದುರಿಗೆ ನಿಂತಾಗ ಎರಡು ಸಲವೂ ತಲೆ ಬಾಚಿ ಕಳಿಸಿದೆ.

ಡಿಸೆಂಬರ್ 24, ಬುಧವಾರ. ಬಸ್ಸಿನಲ್ಲಿ, ಬೆಳಿಗ್ಗೆ

ಹೇಳಿದೆ. ಹಾಳು ಮಾಡಿದೆ.

ಬಚ್ಚಲ ಬಾಗಿಲಲ್ಲಿ ಅವಳ ಮುಖ ಒರೆಸುತ್ತಿದ್ದೆ. ಇವರು ಪಕ್ಕದಲ್ಲೇ ಇದ್ದರು. ಎಷ್ಟು ದಿನದಿಂದ ಮಾತು ಜೋಡಿಸಿಕೊಂಡಿದ್ದೆ. ಬಾಯಿಗೆ ಬಂದದ್ದು ಇದು —

"ಅಂಬಿ, ನಾಳೆ ಯಾರೂ ಬರಂಗಿಲ್ಲವ್ವ. ನಿನ್ನ ಒಯ್ಲಾಕ ಯಾರೂ ಬರಂಗಿಲ್ಲ."

ನಾವೇ ಬಂದಾಗಿದೆ, ನಾವೇ ನಿನ್ನವರು ಅನ್ನುವುದು ಅದರ ಹಿಂದಿತ್ತು. ಆ ಹೊತ್ತಿಗೆ ಅವಳ ಮುಖ ನೋಡಿದೆ. ಮಾತು ಅಲ್ಲೇ ನಿಂತಿತು.

"ಯಾರೂ ಬರಂಗಿಲ್ಲೇನ್ರಿ?"

ಇವರು ಕೂತು ಅವಳ ಎರಡೂ ಕೈ ಹಿಡಿದುಕೊಂಡರು. "ಹಂಗಲ್ಲವ್ವ. ನಾವೇ ನಿಮ್ಮ ಅಪ್ಪ, ಅವ್ವ. ನಾವು ಮೊದಲೇ ಬಂದೀವಿ. ಕ್ರಿಸ್ಮಸ್ಸಿಗಿಂತ ಮೊದಲೇ."

ಇಬ್ಬರನ್ನೂ ಒಂದೊಂದು ಸಲ ನೋಡಿದಳು.

"ಹೂಂರಿ ಅಂಕಲ್" ಅಂದಳು.

ಟವೆಲ್ಲನ್ನು ಹಗ್ಗಕ್ಕೆ ಹಾಕಿ, ತುದಿ ಸರಿ ಮಾಡಿ ಒಳಗೆ ಹೋದಳು. ಅವಳ ಕಿವಿಗೆ ಬಿದ್ದದ್ದು ಮೊದಲಿನ ಮಾತೊಂದೇ. ನನಗೆ ಗೊತ್ತು. ಐದೂವರೆ ವರ್ಷದ ಮಗುವಿಗೆ ಬೆಳಿಗ್ಗೆ ಎದ್ದ ಕೂಡಲೇ, ನಿನಗಾಗಿ ಯಾರೂ ಬರುವುದಿಲ್ಲ ಅಂತ ಹೇಳಿ ಆಫೀಸಿಗೆ ಹೊರಟಿದ್ದೇನೆ.

ಹುಮನಾಬಾದ್ ರಿಂಗ್ ರೋಡ್ ಬಂತು. ಇಳಿದು ವಾಪಸ್ ಹೋಗಲೇ… ಹೋಗಿ ಏನು ಹೇಳಲಿ.

ಡಿಸೆಂಬರ್ 25, ಗುರುವಾರ. ಬೆಳಿಗ್ಗೆ 7.30

ನಾನು ಏಳುವ ಹೊತ್ತಿಗೆ ತಾನೇ ಸ್ನಾನ ಮಾಡಿದ್ದಾಳೆ, ತಣ್ಣೀರಿನಲ್ಲಿ. ಆ ನೀಲಿ ಫ್ರಾಕ್ ಹಾಕಿದ್ದಾಳೆ. ಎರಡು ತಿಂಗಳಲ್ಲಿ ಮೈ ತುಂಬಿದೆ, ಬೆನ್ನಿನ ಗುಂಡಿ ಹತ್ತಿಲ್ಲ. ಕೈಚೀಲ ತೊಡೆಯ ಮೇಲಿಟ್ಟುಕೊಂಡು ಹೊಸ್ತಿಲಲ್ಲಿ ಕೂತಿದ್ದಾಳೆ.

ನಂಬಿಲ್ಲ ನಮ್ಮ ಮಾತು. ಒಂದು ರೀತಿಯಲ್ಲಿ ಒಳ್ಳೆಯದಾಯಿತು ಅನಿಸಿತು. ನಂಬಿದ್ದರೆ ಹೀಗೆ ಎದ್ದು ಕೂರುತ್ತಿರಲಿಲ್ಲ.

9.45

ಇವರು ಕೇಕ್ ತಂದರು. ಅತ್ತಿ ಚುರುಮುರಿಯ ಸುಸಲಾ ಮಾಡಿದರು. ಹೊಸ್ತಿಲಿಗೇ ತಟ್ಟೆ ಕೊಟ್ಟೆ. ತಿಂದಳು, ತಟ್ಟೆ ತೊಳೆದಿಟ್ಟು ಮತ್ತೆ ಬಂದು ಕೂತಳು. ನಾನೂ ಪಕ್ಕದಲ್ಲಿ ಕೂತಿದ್ದೇನೆ. ಈ ಡೈರಿ ಮೊಣಕಾಲ ಮೇಲಿದೆ.

"ಎಷ್ಟೊತ್ತು ಕೂಡ್ತೀ ಶೀಲಾ?" ಅಂತ ಇವರು ಒಳಗಿಂದ ಕೇಳಿದರು.

"ಅದು ಎಷ್ಟೊತ್ತು ಕೂಡ್ತದ ಅಷ್ಟೊತ್ತು."

ಸ್ವಲ್ಪ ಹೊತ್ತಿಗೆ ಅವರೂ ಬಂದು ಕಟ್ಟೆಯ ಮೇಲೆ ಕೂತರು. ಅತ್ತಿ ಕುರ್ಚಿ ಎಳೆದುಕೊಂಡರು. ನಾಲ್ಕು ಜನ ರಸ್ತೆ ನೋಡುತ್ತಾ ಕೂತಿದ್ದೇವೆ. ಓಣಿಯವರು ಹೋಗುತ್ತಾ ಬರುತ್ತಾ ಏನಾಯಿತು ಅಂತ ಕೇಳುತ್ತಾರೆ. ಏನಿಲ್ಲ, ಬಿಸಿಲಿಗೆ ಕೂತೀವಿ ಅಂತ ಅತ್ತಿ ಹೇಳುತ್ತಾರೆ.

11.50

ಯಾರೂ ಬಂದಿಲ್ಲ. ಎರಡು ಬೈಕ್, ಗ್ಯಾಸ್ ಸಿಲಿಂಡರಿನ ಗಾಡಿ, ಒಂದು ಆಟೊ. ಪ್ರತಿಯೊಂದಕ್ಕೂ ಅವಳ ಬೆನ್ನು ನೆಟ್ಟಗಾಗುತ್ತದೆ. ಆಮೇಲೆ ಇಳಿಯುತ್ತದೆ. ಸುನಂದಾ ಸಿಸ್ಟರ್ ಚರ್ಚಿನಿಂದ ಬಂದರು, ಕೈ ಬೀಸಿ ಒಳಗೆ ಹೋದರು.

ಸಂಜೆ ತನಕ ಹೀಗೇ ಕೂತರೆ? ಕತ್ತಲಾದ ಮೇಲೆ ಅವಳಿಗೇನು ಹೇಳಬೇಕು?

ಸಂಜೆ 4.20

ಇವತ್ತೇ ಬರೆಯಬೇಕು.

ಒಂದು ಗಂಟೆಯ ಸುಮಾರಿಗೆ ಓಣಿಯೊಳಗೆ ಕಾರು ಬಂತು. ಬಿಳಿ ಕಾರು. ಸುನಂದಾ ಸಿಸ್ಟರ್ ಮನೆಗೆ — ಅವರ ತಂಗಿ, ತಂಗಿಯ ಗಂಡ, ಊಟಕ್ಕೆ ಬಂದವರು. ಆ ಕಡೆ ಮರಳಿನ ಗುಡ್ಡೆ ಇದ್ದದ್ದರಿಂದ ಕಾರನ್ನು ನಮ್ಮ ಗೇಟಿನ ಮುಂದೆಯೇ ನಿಲ್ಲಿಸಿದರು. ಆ ಹೆಣ್ಣುಮಗಳು ಇಳಿದಳು. ರೇಷ್ಮೆ ಸೀರೆ, ಕೈಯಲ್ಲಿ ಕೇಕಿನ ಡಬ್ಬಿ. ಹೊಸ್ತಿಲಲ್ಲಿ ಕೂತ ಮಗುವನ್ನು ನೋಡಿ ನಕ್ಕಳು. ಎಲ್ಲರೂ ಮಕ್ಕಳಿಗೆ ಅನ್ನುವ ಹಾಗೆ ಅಂದಳು — "ಹ್ಯಾಪಿ ಕ್ರಿಸ್ಮಸ್ ಪುಟ್ಟಿ. ಬರ್ತೀಯೇನು ನಮ್ಮ ಜೊತಿಗಿ?"

ಅಂಬಿಕಾ ಎದ್ದಳು. ಕೈಚೀಲ ತಗೊಂಡಳು. ಮೆಟ್ಟಿಲು ಇಳಿದಳು.

ಇವರು ಏಳಲು ಹೋದರು. ಅತ್ತಿ ಅವರ ತೋಳು ಹಿಡಿದರು. ಅಂಬಿ ಅಂತ ಕರೆಯಲು ಬಾಯಿ ತೆರೆದೆ, ಕರೆಯಲಿಲ್ಲ. ಕರೆಯುವ ಹಕ್ಕು ನನಗಿದೆಯೋ ಇಲ್ಲವೋ ಅನಿಸಿತು. ವರ್ಷಪೂರ್ತಿ ಏನೂ ಕೇಳದೆ ಕಾದಿದ್ದಾಳೆ. ಇಗೋ ಬಂದಿದೆ, ಕಾರು, ಕೇಕು, ಸೀರೆ ಉಟ್ಟ ತಾಯಿ. ಗುಂಡಿ ಹತ್ತದ ಆ ಬೆನ್ನು ಗೇಟಿನ ಕಡೆ ಹೋಗುವುದನ್ನು ನೋಡುತ್ತಾ ಕೂತೆ.

ಗೇಟಿನ ಹತ್ತಿರ ನಿಂತಳು. ಆ ಹೆಣ್ಣುಮಗಳನ್ನು ನೋಡಿದಳು. ಕಾರು ನೋಡಿದಳು. ತಿರುಗಿ ನಮ್ಮನ್ನು ನೋಡಿದಳು. ನನ್ನನ್ನು, ಇವರನ್ನು, ಅತ್ತಿಯನ್ನು, ಮತ್ತೆ ನನ್ನನ್ನು. ತುಂಬ ಹೊತ್ತು.

ವಾಪಸ್ ಬಂದಳು. ಓಡಲಿಲ್ಲ, ನಡೆದೇ ಬಂದಳು. ಕೈಚೀಲವನ್ನು ನನ್ನ ಮಡಿಲಲ್ಲಿ ಇಟ್ಟಳು. ನನ್ನ ಬೆನ್ನ ಹಿಂದೆ ಹೋಗಿ ಎರಡೂ ಕೈಯಲ್ಲಿ ಸೆರಗು ಹಿಡಿದುಕೊಂಡಳು. ಕಿವಿಯ ಹತ್ತಿರ ಬಿಸಿ ಉಸಿರು ತಾಗಿತು.

"ನಾ ಹೋಗಂಗಿಲ್ಲ ಅಂತ ಹೇಳು."

ನನಗೆ ತಿಳಿಯಲಿಲ್ಲ. ಏನು ಅಂದೆ.

"ನಾ ಒಲ್ಲೆ. ನೀ ಹೇಳು ಅವರಿಗಿ."

ಹೇಳ್ರಿ ಅಲ್ಲ. ಹೇಳು. ನೀ.

ಹೇಳಿದೆ. ಆ ಪಾಪದ ಹೆಣ್ಣುಮಗಳಿಗೆ ಏನೂ ಗೊತ್ತಿಲ್ಲ, ಕೇಕಿನ ಡಬ್ಬಿ ಹಿಡಿದು ನಿಂತಿದ್ದಾಳೆ, ನಾನು ಓಣಿಗೆಲ್ಲ ಕೇಳುವ ಹಾಗೆ ಹೇಳಿದೆ — "ಆಕಿ ಬರಂಗಿಲ್ರಿ. ಆಕಿ ನಮ್ಮಾಕಿ ಇದ್ದಾಳ." ಅವಳು ನಕ್ಕು, "ಆಯ್ತು ಬಿಡ್ರಿ" ಅಂತ ಸುನಂದಾ ಸಿಸ್ಟರ್ ಮನೆಗೆ ಹೋದಳು.

ಆಮೇಲೆ ಅಂಬಿಕಾ ಅತ್ತಳು. ನಮ್ಮ ಮನೆಗೆ ಬಂದ ಮೇಲೆ ಮೊದಲನೆಯ ಸಲ. ಕಪಿಲನ ಹೆಸರು ಹಿಡಿದು ಅತ್ತಳು, ಬಂಡೆಮ್ಮನ ಹೆಸರು ಹಿಡಿದು ಅತ್ತಳು, ಕಾಲು ಬಡಿದು, ಸಿಂಬಳ ಸುರಿಸಿ, ನನ್ನ ಸೀರೆ ಜಗ್ಗಿ ಅತ್ತಳು. ಅತ್ತಿ ಸಮಾಧಾನ ಮಾಡಲು ಬಂದರೆ ಇವರು ಬೇಡ ಅಂದರು. "ಅಳಲಿ ಬಿಡವ್ವ. ವರ್ಷದ್ದು ಅದು."

ಈಗ ಮಲಗಿದ್ದಾಳೆ. ನನ್ನ ಸೆರಗಿನ ತುದಿ ಅವಳ ಮುಷ್ಟಿಯಲ್ಲಿದೆ. ಹಾಗಾಗಿ ಇಲ್ಲೇ ನೆಲದ ಮೇಲೆ ಕೂತು ಬರೆಯುತ್ತಿದ್ದೇನೆ. ಕೇಕ್ ಇನ್ನೂ ಕತ್ತರಿಸಿಲ್ಲ.

ಡಿಸೆಂಬರ್ 26, ಶುಕ್ರವಾರ. ಬಸ್ಸಿನಲ್ಲಿ, 9.35

ದಿನದ ಬಸ್ ತಪ್ಪಿತು. ಸೂಗಪ್ಪನವರಿಗೆ ಫೋನ್ ಮಾಡಿ ಹೇಳಿದ್ದೇನೆ.

ಎಬ್ಬಿಸಿದರೆ ಏಳಲಿಲ್ಲ. ಎದ್ದ ಮೇಲೆ ಹೊದಿಕೆ ಅಲ್ಲೇ ಬಿಟ್ಟು ಬಂದಳು. ಉಪ್ಪಿಟ್ಟು ಒಲ್ಲೆ ಅಂದಳು. ಕೇಕ್ ಕೊಟ್ಟರೆ ಮೇಲಿನ ಕೆನೆ ಮಾತ್ರ ತಿಂದು ಉಳಿದದ್ದನ್ನು ಇವರ ತಟ್ಟೆಗೆ ಹಾಕಿದಳು. ನನ್ನನ್ನು ಇನ್ನೂ ಏನಂತಲೂ ಕರೆದಿಲ್ಲ. 'ಆಂಟಿ' ಬಿಟ್ಟಿದ್ದಾಳೆ, ಬೇರೆಯದು ಬಂದಿಲ್ಲ. "ಏ" ಅನ್ನುತ್ತಾಳೆ. ಅತ್ತಿಗೆ ಅದು ಸರಿ ಬರಲಿಲ್ಲ. ನನಗೆ ಬಂತು.

ಮೇಡಂ ಎರಡಕ್ಕೆ ಬಂದಾಗ ಇದನ್ನೆಲ್ಲ ನೋಡಿ ಏನು ಬರೆಯುತ್ತಾರೋ. ಹೊಂದಿಕೊಂಡಿಲ್ಲ ಅಂತ ಬರೆದರೆ? ಮೊದಲೇ ಫೋನ್ ಮಾಡಿ ಹೇಳುವುದು ಒಳ್ಳೆಯದೇನೋ.

ನಾನು ಹೊರಡುವಾಗ ಗೇಟಿಗೆ ಅಡ್ಡ ನಿಂತಳು. ಸಂಜೆ ಬರುತ್ತೇನೆ ಅಂದೆ. ಖರೇನ ಅಂದಳು. ಖರೆ ಅಂದೆ. "ಹಂಗಾದ್ರ ಬರುವಾಗ ತಗೊಂಡು ಬಾ" ಅಂತ ಶುರು ಮಾಡಿದಳು. ಆಟೊ ಹತ್ತಿದ ಮೇಲೂ ಕೂಗಿ ಹೇಳುತ್ತಿದ್ದಳು. ಒಂದು ಮರೆತರೂ ಮನೆಗೆ ಬರಬೇಡ ಅಂದಿದ್ದಾಳೆ. ಅದಕ್ಕೇ ಸೀಟು ಸಿಕ್ಕ ಕೂಡಲೇ ಬರೆದುಕೊಳ್ಳುತ್ತಿದ್ದೇನೆ —

ಕಮಲಾಪುರದ ಕೆಂಪು ಬಾಳೆಹಣ್ಣು, ಅವಳಿಗೆ ಎರಡು, ಅತ್ತಿಗೆ ಒಂದು.

ಚಿಕ್ಕ ಕತ್ತರಿ. ಅಂಗನವಾಡಿಯಲ್ಲಿ ಯಾರದೋ ಹತ್ತಿರ ಇದೆಯಂತೆ, ಅಂಥದೇ.

ಪೋಸ್ಟ್ ಆಫೀಸಿನ ಸೀಲ್. ಒಂದು ದಿನಕ್ಕೆ ಸಾಕು, ವಾಪಸ್ ಕೊಡುತ್ತಾಳಂತೆ. (ಆಗುವುದಿಲ್ಲ. ಹೇಗೆ ಹೇಳಲಿ?)

ತಲೆಗೆ ರಿಬ್ಬನ್. ಹಸಿರು ಅಲ್ಲ, ಅದು ನೆನಪಿದೆ, ಹಸಿರು ಮಾತ್ರ ಒಲ್ಲೆ ಅಂತ ಎರಡು ಸಲ ಅಂದಳು. ಬೇಕಾದದ್ದು ಯಾವ ಬಣ್ಣ ಅಂತಲೂ ಹೇಳಿದಳು, ಆಟೊದ ಸದ್ದಿನಲ್ಲಿ ನಾನು ಹೂಂ ಅಂದುಬಿಟ್ಟೆ. ಹಳದಿ ಅಂದಳೋ, ಬಿಳಿ ಅಂದಳೋ… ಹಳದಿ ಇರಬೇಕು. ಅಲ್ಲ, ಕೈ ಹೀಗೆ ಮಾಡಿ ತೋರಿಸಿದಳಲ್ಲ, ಸುನಂದಾ ಸಿಸ್ಟರ್ ಮನೆ ಕಡೆ, ಹಾಗಾದರೆ ಆ ನಕ್ಷತ್ರದ ಬಿಳಿ.